ಮಾವಿನ ಹೆಸರಿಗೆ ಅಂಟಿಕೊಂಡ ‘ಎಲ್’ ಯಾರದು?

ಸಸ್ಯಶಾಸ್ತ್ರದ ಪುಸ್ತಕದಲ್ಲಿ ಮಾವಿನ ಹೆಸರು ನೋಡಿ. ‘ಮ್ಯಾಂಜಿಫೆರಾ ಇಂಡಿಕಾ’ ಅಂತ ಇರುತ್ತದೆ. ಅದರ ಬಾಲಕ್ಕೆ ‘ಎಲ್’ ಅನ್ನುವ ಒಂದೇ ಒಂದು ಅಕ್ಷರ. ತೆಂಗು, ಅಡಿಕೆ, ಹುಣಸೆಯ ಹೆಸರಿಗೂ ಅದೇ ಎಲ್. ಈ ಹೆಸರುಗಳನ್ನೆಲ್ಲ ಇಟ್ಟವನು ಸ್ವೀಡನ್ನಿನ ಕಾರ್ಲ್ ಲಿನ್ನೇಯಸ್. ಎಲ್ ಅವನ ಸರ್‌ನೇಮಿನ ಗುರುತು. ತಮಾಷೆ ಏನೆಂದರೆ, ಆ ಸರ್‌ನೇಮ್ ಹುಟ್ಟಿದ್ದೂ ಒಂದು ಮರದಿಂದಲೇ.

ಕಾರ್ಲ್‌ನ ಅಜ್ಜನಿಗೆ ಸರ್‌ನೇಮೇ ಇರಲಿಲ್ಲ. ಅವನು ಇಂಗೆಮಾರ್ ಬೆಂಗ್ಟ್‌ಸನ್. ಅಂದರೆ ಬೆಂಗ್ಟನ ಮಗ ಇಂಗೆಮಾರ್, ಅಷ್ಟೇ. ಅವನ ಮಗ ನಿಲ್ಸ್ ಇಂಗೆಮಾರ್‌ಸನ್. ಹೆಣ್ಣುಮಕ್ಕಳಾದರೆ ಕೊನೆಗೆ ‘ಸನ್’ ಬದಲು ‘ದೊತ್ತರ್’, ಅಂದರೆ ಮಗಳು. ನಮ್ಮಲ್ಲಿ ಅಪ್ಪನ ಹೆಸರು ಇನಿಷಿಯಲ್ ಆಗುತ್ತದಲ್ಲ, ಹಾಗೇ ತಲೆಮಾರಿಗೊಮ್ಮೆ ಬದಲಾಗುತ್ತಿತ್ತು. ಹಳ್ಳಿಯಲ್ಲಿ ಇಷ್ಟು ಸಾಕು. ಆದರೆ ನಿಲ್ಸ್ ಓದಲು ಲುಂಡ್ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿ ದಾಖಲಾಗಲು ಒಂದು ಮನೆತನದ ಹೆಸರು ಬೇಕಿತ್ತು.

ನಿಲ್ಸ್‌ಗೆ ನೆನಪಾದದ್ದು ಮನೆಯವರ ಜಮೀನಿನಲ್ಲಿದ್ದ ಭಾರಿ ಲಿಂಡ್ ಮರ. ಸ್ಮೋಲಾಂಡ್ ಸೀಮೆಯ ಆಡುಮಾತಿನಲ್ಲಿ ಅದು ‘ಲಿನ್’. ಆಗ ಓದಿದವರ ಭಾಷೆ ಲ್ಯಾಟಿನ್. ಹಾಗಾಗಿ ಲಿನ್‌ಗೆ ಒಂದು ಲ್ಯಾಟಿನ್ ಬಾಲ ಅಂಟಿಸಿದ, ಲಿನ್ನೇಯಸ್ ಆಯಿತು. ಅದೇ ಮರದಿಂದ ನೆಂಟರಲ್ಲಿ ಇನ್ನೂ ಎರಡು ಹೆಸರು ಬಂದವು: ಒಂದು ಲಿಂಡೆಲಿಯಸ್, ಇನ್ನೊಂದು ಟಿಲಿಯಾಂಡರ್. ಲಿಂಡ್‌ಗೆ ಲ್ಯಾಟಿನ್‌ನಲ್ಲಿ ‘ಟಿಲಿಯಾ’ ಅನ್ನುತ್ತಾರೆ.

ಇಂಗ್ಲಿಷರು ಈ ಮರಕ್ಕೆ ಲೈಮ್ ಅಂತಲೂ ಹೇಳುವುದರಿಂದ ನಿಂಬೆ ಅಂದುಕೊಳ್ಳಬೇಡಿ. ನಿಂಬೆಗೂ ಇದಕ್ಕೂ ಏನೂ ಸಂಬಂಧವಿಲ್ಲ. ಇದು ದಾಸವಾಳದ ಕುಟುಂಬಕ್ಕೆ ಸೇರಿದ್ದು. ಹೃದಯದ ಆಕಾರದ ಎಲೆ, ಘಮ್ಮೆನ್ನುವ ಹೂವು, ಹೂ ಬಿಟ್ಟಾಗ ತುಂಬಾ ಜೇನ್ನೊಣ.

ಮಗ ಕಾರ್ಲ್ ಹುಟ್ಟಿದ್ದು 1707ರಲ್ಲಿ. ಹಳೇ ಪದ್ಧತಿಯಂತೆ ಹೋಗಿದ್ದರೆ ಅವನು ಕಾರ್ಲ್ ನಿಲ್ಸನ್ ಆಗುತ್ತಿದ್ದ. ಮಾವಿನ ಹೆಸರಿನ ಕೊನೆಗೆ ಬಹುಶಃ ‘ಎನ್’ ಇರುತ್ತಿತ್ತು! 1753ರಲ್ಲಿ ಅವನು ಗಿಡಮರಗಳಿಗೆಲ್ಲ ಎರಡು ಪದದ ಹೆಸರು ಕೊಟ್ಟ ಪುಸ್ತಕ ತಂದಾಗ ಅದರಲ್ಲಿ ಲಿಂಡ್ ಕೂಡ ಇತ್ತು. ಟಿಲಿಯಾ ಯೂರೋಪಿಯಾ, ಮುಂದೆ ಎಲ್. ಮರ ಕೊಟ್ಟ ಹೆಸರು ಮರಕ್ಕೇ ವಾಪಸ್.

ಲ್ಯಾಟಿನ್ ಬಾಲ ಓದಿದವರಿಗೆ, ಪಾದ್ರಿಗಳಿಗೆ ಸರಿ. ಸೈನಿಕರ ಕಥೆ ಬೇರೆ. 17ನೇ ಶತಮಾನದ ಕೊನೆಗೆ ಬಂದ ವ್ಯವಸ್ಥೆಯಲ್ಲಿ ನಾಲ್ಕಾರು ರೈತರು ಸೇರಿ ಒಬ್ಬ ಸೈನಿಕನನ್ನು ಸಾಕಬೇಕಿತ್ತು. ಒಂದೇ ದಳದಲ್ಲಿ ಹತ್ತು ಜನ ಆಂಡರ್‌ಸನ್ ಇದ್ದರೆ ಕೂಗುವುದು ಯಾರನ್ನು? ಅದಕ್ಕೇ ರಾಸ್ಕ್ (ಚುರುಕು), ಮೂದಿಗ್ (ಧೈರ್ಯವಂತ) ಥರದ ಚಿಕ್ಕ ಹೆಸರು ಕೊಟ್ಟರು. ಎಷ್ಟೋ ಸಲ ಹಳಬ ಹೋದ ಮೇಲೆ ಅದೇ ಹೆಸರು ಆ ಜಾಗಕ್ಕೆ ಬಂದ ಹೊಸಬನಿಗೆ.

ಪೇಟೆಯ ಜನ ಎರಡು ತುಂಡು ಜೋಡಿಸಿದರು. ಲಿಂಡ್ ಜೊತೆ ಬೆಟ್ಟ ಸೇರಿದರೆ ಲಿಂಡ್‌ಬರ್ಗ್, ಹೊಳೆಯಾದರೆ ಲಿಂಡ್‌ಸ್ಟ್ರೋಮ್, ಚಿಗುರುಕಡ್ಡಿಯಾದರೆ ಲಿಂಡ್‌ಕ್ವಿಸ್ಟ್. ಇವುಗಳಲ್ಲಿ ಊರು, ಮನೆ ಹುಡುಕಿದರೆ ಜಾಸ್ತಿ ಏನೂ ಸಿಗುವುದಿಲ್ಲ. ಎಷ್ಟೋ ಹೆಸರು ಕಿವಿಗೆ ಚೆನ್ನಾಗಿದೆ ಅಂತ ಸುಮ್ನೆ ಇಟ್ಟುಕೊಂಡದ್ದು. ಓಲಾ ಮೋನ್‌ಸನ್ ಅನ್ನುವ ಸಂಸದ ಹಣ ದುರುಪಯೋಗದ ಆರೋಪ ಬಂದಾಗ 1859ರಲ್ಲಿ ಅಮೆರಿಕಕ್ಕೆ ಹೊರಟ. ಅಲ್ಲಿ ಆಗಸ್ಟ್ ಲಿಂಡ್‌ಬರ್ಗ್ ಆದ. 1927ರಲ್ಲಿ ಒಬ್ಬನೇ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಅವನ ಮೊಮ್ಮಗ.

ಅಪ್ಪನ ಹೆಸರು ಬದಲಾಗುತ್ತಾ ಹೋಗುವ ಪದ್ಧತಿಗೆ ಸ್ವೀಡನ್ 1901ರ ಕಾನೂನಿನಿಂದ ತೆರೆ ಎಳೆಯಿತು. ಆಗ ಯಾವ ‘ಸನ್’ ಇತ್ತೋ ಅದೇ ಮನೆತನಕ್ಕೆ ಗಟ್ಟಿಯಾಯಿತು. ಇವತ್ತು ಆಂಡರ್‌ಸನ್ ಅನ್ನುವ ಹುಡುಗಿಯ ಅಪ್ಪ ಆಂಡರ್ಸ್ ಅಲ್ಲದೇ ಇರಬಹುದು. ಅವಳಂತೂ ಯಾರ ಮಗನೂ ಅಲ್ಲ, ಅಲ್ವಾ?