ಕರಿ ಮೆಹಂದಿ ಪ್ಯಾಕೆಟ್ ತಿರುಗಿಸಿ ನೋಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ತಲೆಗೆ ಹಚ್ಚುವ ಮೆಹಂದಿ ಕೇಳಿದರೆ ಅಂಗಡಿಯವರು ಮೊದಲು ಕೇಳುವುದೇ, "ಕೆಂಪಂದು ಬೇಕೇನ್ರಿ, ಕರೀದು ಬೇಕೇನ್ರಿ?" ಎರಡರ ಮೇಲೂ ಹಸಿರು ಎಲೆಯ ಚಿತ್ರ ಇರುತ್ತದೆ. ಒಳಗಿನ ಪುಡಿ ಮಾತ್ರ ಬೇರೆ ಬೇರೆ. ಮೆಹಂದಿ ತಲೆಗೆ ಒಳ್ಳೆಯದಾ ಅಂತ ಕೇಳುವವರು ಮೊದಲು ಇದನ್ನು ತಿಳಿದಿರಬೇಕು.

ಮೆಹಂದಿ ಎಲೆಯ ಬಣ್ಣಕ್ಕೆ ಕಾರಣ ಲಾಸೋನ್ ಎಂಬ ವಸ್ತು. ಒಣ ಎಲೆಯಲ್ಲಿ ಅದು ನೂರಕ್ಕೆ ಸುಮಾರು 1ರಿಂದ 2 ಭಾಗ ಇರುತ್ತದೆ. ನೀರಲ್ಲಿ ಕಲಸಿಟ್ಟರೆ ನಿಧಾನವಾಗಿ ಬಿಡುತ್ತದೆ, ಆಮೇಲೆ ಕೂದಲಿನ ಕೆರಾಟಿನ್ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ರಾತ್ರಿಯೇ ಕಲಸಿಡುವುದು ಇದಕ್ಕೇ. ಆದರೆ ಲಾಸೋನ್ ಕೊಡುವುದು ಕಿತ್ತಳೆ ಬೆರೆತ ಕೆಂಪು ಮಾತ್ರ. ಎಷ್ಟು ಹೊತ್ತು ಇಟ್ಟರೂ ಬಿಳಿ ಕೂದಲು ಕಪ್ಪಾಗುವುದಿಲ್ಲ. ಕಬ್ಬಿಣದ ಬಾಣಲೆಯಲ್ಲಿ ಚಹಾ ನೀರು, ನೆಲ್ಲಿಪುಡಿ ಹಾಕಿ ಕಲಸುತ್ತಾರಲ್ಲ, ಅಲ್ಲಿ ಕಬ್ಬಿಣವೂ ಚಹಾ, ನೆಲ್ಲಿಯ ಒಗರು ವಸ್ತುವಾದ ಟ್ಯಾನಿನ್ನೂ ಕೂಡಿ ಬಣ್ಣ ಸ್ವಲ್ಪ ಗಾಢವಾಗುತ್ತದೆ, ಅಷ್ಟೇ. ಎಲೆಯಿಂದಲೇ ಕಪ್ಪು ಬೇಕೆಂದರೆ ಮೆಹಂದಿಯ ಮೇಲೆ ನೀಲಿ ಗಿಡದ ಪುಡಿ ಹಚ್ಚಬೇಕು. ಅದು ಗಂಟೆಗಟ್ಟಲೆ ಕೆಲಸ.

ಹಾಗಿದ್ದರೆ ಅರ್ಧ ಗಂಟೆಯಲ್ಲಿ ಕಪ್ಪಾಗುವುದು ಹೇಗೆ? ಪ್ಯಾಕೆಟ್ ತಿರುಗಿಸಿ. ಸಣ್ಣ ಅಕ್ಷರದಲ್ಲಿ ಪ್ಯಾರಾ ಫಿನೈಲೀನ್ ಡೈಅಮೀನ್ ಅಂತ ಇದ್ದರೆ ಉತ್ತರ ಸಿಕ್ಕಿತು. ಚಿಕ್ಕದಾಗಿ ಪಿಪಿಡಿ ಅನ್ನುತ್ತಾರೆ. ಈ ಪುಟ್ಟ ಅಣುಗಳು ಕೂದಲೊಳಗೆ ಇಳಿದು, ಆಕ್ಸಿಜನ್ ಸಿಕ್ಕ ಮೇಲೆ ಒಂದಕ್ಕೊಂದು ಕೂಡಿ ಕಪ್ಪು ಬಣ್ಣವಾಗುತ್ತವೆ. ಇದೇ ಪಿಪಿಡಿ ಚರ್ಮಕ್ಕೆ ಅಲರ್ಜಿ ತರುವುದರಲ್ಲಿ ಹೆಸರಾದದ್ದು. ತುರಿಕೆ, ನೀರ್ಗುಳ್ಳೆ, ಮುಖದ ಊತ ಎಲ್ಲ ಬರಬಹುದು. "ಇಷ್ಟು ವರ್ಷ ಹಚ್ಚೀನಿ, ಏನೂ ಆಗಿಲ್ರಿ" ಅನ್ನುವವರು ಬಹಳ ಮಂದಿ. ಅಲರ್ಜಿ ಹಾಗೆ ಲೆಕ್ಕ ಇಟ್ಟು ಬರುವುದಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದ ದೇಹ ಒಂದು ದಿನ ತಿರುಗಿ ಬೀಳುತ್ತದೆ. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಮುಂದೆ ಚೂರು ತಾಗಿದರೂ ಸಾಕು. ಮದುವೆ ಮನೆಯಲ್ಲಿ ಮಕ್ಕಳ ಕೈಗೆ ಬೇಗ ರಂಗೇರಲಿ ಅಂತ ಕರಿ ಮೆಹಂದಿ ಹಚ್ಚುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ದಯವಿಟ್ಟು ಹಚ್ಚಬೇಡಿ.

ಪಿಪಿಡಿ ಇರುವ ಪ್ಯಾಕೆಟ್ ಮೇಲೆ ಎಚ್ಚರಿಕೆ ಬರೆಯಲೇಬೇಕು ಅಂತ ನಮ್ಮ ದೇಶದ ನಿಯಮವೇ ಇದೆ. ರೆಪ್ಪೆ, ಹುಬ್ಬಿಗೆ ಹಚ್ಚಿದರೆ ಕಣ್ಣು ಹೋಗಬಹುದು ಎಂಬುದೂ ಅದರಲ್ಲಿದೆ. ಮೀಸೆಗೆ ಹಚ್ಚಿಕೊಳ್ಳುವ ಕೈ ಹುಬ್ಬಿಗೂ ಹೋಗುತ್ತದೆ, ಅಲ್ವಾ?

ಬರೀ ಎಲೆಪುಡಿಗೆ ಅಲರ್ಜಿ ಅಪರೂಪ. ಆದರೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇರುವವರಿಗೆ, ಅದರಲ್ಲೂ ಹಸುಗೂಸುಗಳಿಗೆ, ಲಾಸೋನ್ ಚರ್ಮದಿಂದ ಒಳಗೆ ಹೋಗಿ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಕೂಸುಗಳಿಗೆ ಯಾವ ಮೆಹಂದಿಯೂ ಬೇಡ.

ಯಾವುದೇ ಹೊಸ ಪುಡಿಯನ್ನು ಮೊದಲು ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯಿರಿ. ತುರಿಸಿದರೆ ಆ ಪುಡಿ ಬಿಟ್ಟುಬಿಡಿ. ತಲೆಗೆ ಹಚ್ಚಿದ ಮೇಲೆ ಕಣ್ಣ ಸುತ್ತ ಊದಿದರೆ, ಉಸಿರಾಟಕ್ಕೆ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಖಾಲಿ ಪ್ಯಾಕೆಟ್ಟನ್ನೂ ಒಯ್ಯಿರಿ, ಡಾಕ್ಟರಿಗೆ ಅದರ ಹಿಂದಿನ ಬರಹ ಬೇಕಾಗುತ್ತದೆ.