ಮೀನಿನ ಬಾಲ ದೋಣಿಯ ಹುಟ್ಟಿನ ಹಾಗೇನಾ?

"ಸರ್, ಮಳೆಗಾಲದ ಕಾವೇರಿಯಲ್ಲಿ ಅಷ್ಟು ಸೆಳೆತ ಇರುತ್ತೆ. ಮೀನು ಬರೀ ಬಾಲ ಆಡಿಸಿ ಎದುರು ಈಜೋದು ಹೇಗೆ?"

ಪ್ರತಿ ವರ್ಷ ಜೂನ್ ಬಂತೆಂದರೆ ಈ ಪ್ರಶ್ನೆ ಬರುತ್ತದೆ. ಜೊತೆಗೇ ಉತ್ತರವನ್ನೂ ಬರೆದಿರುತ್ತಾರೆ: "ಬಾಲ ಹುಟ್ಟಿನ ಹಾಗೆ ನೀರನ್ನು ಹಿಂದಕ್ಕೆ ಎಳೆಯುತ್ತೆ, ಅಲ್ವಾ?" ಅಲ್ಲ. ಎಷ್ಟು ಸಲ ಹೇಳಿದರೂ ಈ ಹುಟ್ಟು ತಲೆಯಿಂದ ಇಳಿಯುತ್ತಿಲ್ಲ.

ಹುಟ್ಟು ಹಾಕುವವರನ್ನು ಗಮನಿಸಿ. ಒಮ್ಮೆ ಎಳೆದ ಮೇಲೆ ಅದನ್ನು ನೀರಿನಿಂದ ಎತ್ತಿ ಮುಂದಕ್ಕೆ ತರುತ್ತಾರೆ. ಎತ್ತದೆ ಹಾಗೇ ತಂದರೆ ದೋಣಿ ಹಿಂದಕ್ಕೆ ಬರುತ್ತದೆ. ಮೀನು ಬಾಲವನ್ನು ಎತ್ತುವುದೇ ಇಲ್ಲ! ಅದು ಬೀಸುವುದು ಎಡಕ್ಕೆ, ಬಲಕ್ಕೆ. ಕೆಲವು ಮೀನುಗಳು ಎದೆಯ ಪಕ್ಕದ ರೆಕ್ಕೆಯನ್ನು ಹುಟ್ಟಿನಂತೆ ಬಳಸುತ್ತವೆ, ನಿಜ. ಬಾಲದ ಕೆಲಸ ಬೇರೆ.

ಬಾಲ ವಿಮಾನದ ರೆಕ್ಕೆಯ ಜಾತಿಗೆ ಸೇರಿದ್ದು. ಮೀನು ಮುಂದೆ ಹೋಗುತ್ತಿರುವಾಗ ಪಕ್ಕಕ್ಕೆ ಬೀಸಿದ ಬಾಲ ನೀರನ್ನು ಓರೆಯಾಗಿ ಸೀಳುತ್ತದೆ. ಆಗ ಹುಟ್ಟುವ ಬಲ ಸ್ವಲ್ಪ ಮುಂದಕ್ಕೆ ವಾಲಿರುತ್ತದೆ. ಎಡಕ್ಕೆ ಬೀಸಿದರೂ ಮುಂದಕ್ಕೆ, ಬಲಕ್ಕೆ ಬೀಸಿದರೂ ಮುಂದಕ್ಕೆ. ಪ್ರತಿ ಬೀಸಿಗೆ ಒಂದೊಂದು ಸುಳಿ ಹಿಂದೆ ಉಳಿಯುತ್ತದೆ. ಸುಳಿಗಳ ಎರಡು ಸಾಲಿನ ನಡುವೆ ನೀರು ಹಿಂದಕ್ಕೆ ಚಿಮ್ಮುತ್ತದೆ.

ಕುಶಾಲನಗರದ ಸೇತುವೆ ಕಂಬದ ಹಿಂದೆಯೂ ಸುಳಿಗಳ ಸಾಲು ಇರುತ್ತದೆ. ಆದರೆ ಅವು ಸುತ್ತುವ ದಿಕ್ಕು ಉಲ್ಟಾ. ಅಲ್ಲಿ ನಡುವಿನ ನೀರು ನಿಧಾನ, ಕಂಬಕ್ಕೆ ಎಳೆತ. ನಂಬಿಕೆ ಬರದಿದ್ದರೆ ಅಗಲವಾದ ತಟ್ಟೆಗೆ ನೀರು ಹಾಕಿ, ಮೇಲೆ ಚಿಟಿಕೆ ಕಾಫಿಪುಡಿ ಉದುರಿಸಿ, ಬೆರಳನ್ನು ನಿಧಾನಕ್ಕೆ ಎಳೆಯಿರಿ. ಒಂದು ಸುಳಿ ಎಡಕ್ಕೆ, ಇನ್ನೊಂದು ಬಲಕ್ಕೆ. ನನ್ನ ಮಕ್ಕಳು ಇದನ್ನು ನೋಡಿದ ದಿನ ತರಗತಿ ಬಿಟ್ಟು ಏಳಲೇ ಇಲ್ಲ.

ಸುಮ್ನೆ ಜೋರಾಗಿ ಬಡಿದರೂ ಆಗುವುದಿಲ್ಲ. ಸೆಕೆಂಡಿಗೆ ಬಾಲ ಎಷ್ಟು ಸಲ ಎಡಕ್ಕೂ ಬಲಕ್ಕೂ ಹೋಗಿಬರುತ್ತದೆ ಎಂಬುದನ್ನು ಬೀಸಿನ ಅಗಲದಿಂದ ಗುಣಿಸಿ, ವೇಗದಿಂದ ಭಾಗಿಸಿ. ಇದು ಸ್ಟ್ರೌಹಾಲ್ ಸಂಖ್ಯೆ. ಚೆನ್ನಾಗಿ ಈಜುವ ಮೀನುಗಳಲ್ಲಿ ಇದು ಸಾಮಾನ್ಯವಾಗಿ 0.2ರಿಂದ 0.4. ಸೆಕೆಂಡಿಗೆ 1 ಮೀಟರ್ ಹೋಗುವ ಮೀನು 10 ಸೆಂ.ಮೀ. (0.1 ಮೀಟರ್) ಅಗಲಕ್ಕೆ ಸೆಕೆಂಡಿಗೆ 3 ಸಲ ಬಾಲವನ್ನು ಹೀಗೆ ಬೀಸಿ ತಂದರೆ 0.3. ಹಾರುವ ಹಕ್ಕಿಗಳೂ ಹೆಚ್ಚುಕಡಿಮೆ ಇದರೊಳಗೇ ಬರುತ್ತವೆ.

ಯಾರೂ ಕೇಳದ ಒಂದು ಪ್ರಶ್ನೆ ಇದೆ. ನನಗೆ ಅದೇ ಜಾಸ್ತಿ ಇಷ್ಟ. ಮೀನುಗಳು ಬಂಡೆಯ ಹಿಂದೆ ಯಾಕೆ ನಿಲ್ಲುತ್ತವೆ? ಅಲ್ಲಿ ಸೆಳೆತ ಕಡಿಮೆ ಅನ್ನುವುದು ಅರ್ಧ ಉತ್ತರ. ಬಂಡೆ ಬಿಟ್ಟ ಸುಳಿಗಳೇ ಮೀನಿನ ಮೈಯನ್ನು ಬಳುಕಿಸುತ್ತವೆ. 2006ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಹರಿಯುವ ನೀರಿನಲ್ಲಿ ಕಂಬದ ಹಿಂದೆ ಸತ್ತ ಟ್ರೌಟ್ ಮೀನನ್ನು ದಾರ ಕಟ್ಟಿ ಬಿಟ್ಟರು. ಸುಳಿಗಳ ತಾಳಕ್ಕೆ ಮೈ ಬಳುಕಿತು, ದಾರ ಸಡಿಲವಾಯಿತು. ಉಸಿರಿಲ್ಲದ ಮೀನು ಹರಿವಿನ ಎದುರಿಗೆ, ಕಂಬದ ಕಡೆಗೆ ಸಾಗಿತು.