325ರಲ್ಲಿ ಮತ ಹಾಕಿ ಯೇಸುವನ್ನು ದೇವರು ಮಾಡಿದರೇ?

ಪ್ರಶ್ನೆ: ಮೊದಲ ಕ್ರೈಸ್ತರು ಯೇಸುವನ್ನು ಬರೀ ಬೋಧಕ ಅಂತ ನಂಬಿದ್ದರಂತೆ. ಕ್ರಿ.ಶ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾದಲ್ಲಿ ಬಿಷಪ್ಪರ ಸಭೆ ಕರೆದು, ಮತಕ್ಕೆ ಹಾಕಿ, ಕೂದಲೆಳೆ ಅಂತರದಲ್ಲಿ ಅವನನ್ನು ದೇವರೆಂದು ಘೋಷಿಸಿದನಂತೆ. ಬೈಬಲಿನಿಂದ ಬೇಡದ ಪುಸ್ತಕಗಳನ್ನೂ ಅಲ್ಲೇ ತೆಗೆದುಹಾಕಿದರಂತೆ. ನಿಜವೇ?

ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಕ್ರಿಸ್‌ಮಸ್ ಹತ್ತಿರ ಬಂದಂತೆ ಮತ್ತೆ ಬಂದೇ ಬರುತ್ತದೆ. ಎರಡು ಸಾಲಿನ ಉತ್ತರ ಸಾಲದೆಂದು ಗೊತ್ತಾಯಿತು, ಹಾಗಾಗಿ ಈ ಬಾರಿ ಬುಡದಿಂದ ಬಿಡಿಸುತ್ತೇನೆ.

ಮೊದಲು ಆ "ಕೂದಲೆಳೆ ಅಂತರ". ಸಭೆಯಲ್ಲಿ ಖುದ್ದಾಗಿ ಕೂತಿದ್ದ ಕೈಸರೈಯದ ಬಿಷಪ್ ಯೂಸೇಬಿಯಸ್, ಬಂದವರು 250ಕ್ಕೂ ಹೆಚ್ಚು ಎನ್ನುತ್ತಾನೆ. ಆಮೇಲಿನ ಸಂಪ್ರದಾಯ 318 ಎನ್ನುತ್ತದೆ. ಅದು ಆದಿಕಾಂಡ 14ರಲ್ಲಿ ಅಬ್ರಾಮನ ಜೊತೆ ಯುದ್ಧಕ್ಕೆ ಹೋದ ಆಳುಗಳ ಲೆಕ್ಕವೇ ಆದ್ದರಿಂದ ಆ ಅಂಕಿಯನ್ನು ಹೆಚ್ಚು ನೆಚ್ಚುವಂತಿಲ್ಲ. ಸಭೆ ಒಪ್ಪಿದ ವಿಶ್ವಾಸ ಪ್ರಮಾಣಕ್ಕೆ, ಅಂದರೆ ನಂಬಿಕೆಯ ಸಾರಾಂಶ ಹೇಳುವ ಬರಹಕ್ಕೆ, ಕೊನೆಯವರೆಗೂ ಸಹಿ ಹಾಕದೆ, ಜಗಳಕ್ಕೆ ಮೂಲನಾದ ಪಾದ್ರಿ ಆರಿಯಸ್ ಜೊತೆ ಗಡಿಪಾರಾದ ಬಿಷಪ್ಪರು ಇಬ್ಬರು: ಮಾರ್ಮಾರಿಕದ ಥಿಯೋನಸ್, ಟಾಲೆಮೈಸ್‌ನ ಸೆಕುಂಡಸ್. ಇಬ್ಬರೂ ಲಿಬಿಯಾ ಕಡೆಯವರು. 250ಕ್ಕೆ ಇಬ್ಬರು ಎಂದರೆ ಅದು ಕೂದಲೆಳೆಯಲ್ಲ. ಚಕ್ರವರ್ತಿಯ ಭಯಕ್ಕೆ ಸಹಿ ಹಾಕಿದವರು ಇದ್ದರು ಎನ್ನಿ, ಒಪ್ಪುತ್ತೇನೆ. ಕೆಲವರು ಆಮೇಲೆ ಹಿಂದೆಗೆದದ್ದೂ ನಿಜ. ಆದರೆ ಚೀಟಿ ಎಣಿಸಿದ ದಾಖಲೆ ಯಾವುದೂ ಇಲ್ಲ. ಸಭೆಯ ನಡಾವಳಿ ಪುಸ್ತಕವೇ ಉಳಿದಿಲ್ಲ. ಉಳಿದಿರುವುದು ವಿಶ್ವಾಸ ಪ್ರಮಾಣ, 20 ನಿಯಮಗಳು, ಸಭೆಯ ಪತ್ರ, ಜೊತೆಗೆ ಹೋಗಿ ಬಂದವರ ಬರಹಗಳು.

ಆ 20 ನಿಯಮಗಳನ್ನು ಒಮ್ಮೆಯಾದರೂ ಓದಿ. ಪಾದ್ರಿಗಳು ಬಡ್ಡಿಗೆ ಸಾಲ ಕೊಡಬಾರದು, ಭಾನುವಾರ ಮೊಣಕಾಲೂರದೆ ನಿಂತು ಪ್ರಾರ್ಥಿಸಬೇಕು, ಬಿಷಪ್ಪನ ಅಭಿಷೇಕಕ್ಕೆ ಕನಿಷ್ಠ ಮೂವರು ಬಿಷಪ್ಪರಿರಬೇಕು, ಇಂಥವು. ಬೈಬಲಿನ ಪುಸ್ತಕಗಳ ಪಟ್ಟಿ ಅವುಗಳಲ್ಲಿ ಎಲ್ಲೂ ಇಲ್ಲ. ಈಗ ನಮ್ಮ ಕೈಯಲ್ಲಿರುವ ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನೇ, ಅಷ್ಟನ್ನೇ, ಹೆಸರಿಸುವ ಅತಿ ಹಳೆಯ ಪಟ್ಟಿ ಇರುವುದು ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ 367ರಲ್ಲಿ ಬರೆದ ಈಸ್ಟರ್ ಪತ್ರದಲ್ಲಿ. ನೈಸಿಯಾಗೆ 42 ವರ್ಷ ಆದಮೇಲೆ! ಹಾಗಾದರೆ ಪುಸ್ತಕಗಳ ಕತೆ ಎಲ್ಲಿಂದ ಬಂತು? 9ನೇ ಶತಮಾನದ ಕೊನೆಯ ಒಂದು ಗ್ರೀಕ್ ಸಂಕಲನದಿಂದ. ಪುಸ್ತಕಗಳನ್ನೆಲ್ಲ ಬಲಿಪೀಠದ ಬಳಿ ಇಟ್ಟು ಪ್ರಾರ್ಥಿಸಿದಾಗ ಸಾಚಾ ಪುಸ್ತಕಗಳು ಮೇಲೆ ಉಳಿದು ಸುಳ್ಳಿನವು ಕೆಳಗೆ ಕಂಡವು ಎಂದು ಅದರಲ್ಲಿದೆ. ಘಟನೆ ನಡೆದು ಐದೂವರೆ ಶತಮಾನ ಕಳೆದ ಮೇಲೆ ಬರೆದದ್ದು. 18ನೇ ಶತಮಾನದ ಫ್ರೆಂಚ್ ಲೇಖಕ ವೋಲ್ಟೇರ್ ಅದನ್ನು ಎತ್ತಿ ಯುರೋಪಿಗೆಲ್ಲ ಹಂಚಿದ. ಈಚಿನ ಥ್ರಿಲ್ಲರ್ ಕಾದಂಬರಿ, ಸಿನಿಮಾಗಳು ಇನ್ನಷ್ಟು ಬಣ್ಣ ಹಚ್ಚಿದವು.

ಇನ್ನು "ಅಲ್ಲಿಯವರೆಗೆ ಯಾರೂ ದೇವರೆಂದಿರಲಿಲ್ಲ" ಎಂಬುದು. ಸುಮಾರು 112ರಲ್ಲಿ ಬಿಥಿನಿಯಾ ಪ್ರಾಂತ್ಯದ ರೋಮನ್ ಅಧಿಕಾರಿ ಪ್ಲಿನಿ, ಚಕ್ರವರ್ತಿ ಟ್ರಾಜನ್‌ಗೆ ಒಂದು ವರದಿ ಕಳಿಸಿದ: ಕ್ರೈಸ್ತರು ಗೊತ್ತುಪಡಿಸಿದ ದಿನ ಬೆಳಕು ಹರಿಯುವ ಮುಂಚೆ ಕೂಡಿ, ದೇವರಿಗೆ ಹಾಡುವಂತೆ ಕ್ರಿಸ್ತನಿಗೆ ಹಾಡುತ್ತಾರೆ ಎಂದು. ಅವನು ಕ್ರೈಸ್ತನಲ್ಲ, ಅವರನ್ನು ಶಿಕ್ಷಿಸುತ್ತಿದ್ದವನು. ಅವನ ಪ್ರಾಂತ್ಯದ್ದೇ ಒಂದು ಊರು ನೈಸಿಯಾ, ಇವತ್ತಿನ ಟರ್ಕಿಯ ಇಜ್ನಿಕ್. ಅಂದರೆ ಸಭೆ ನಡೆದ ಸೀಮೆಯಲ್ಲೇ, ಸಭೆಗೆ 200 ವರ್ಷ ಮುಂಚೆಯೇ ಈ ಹಾಡು ಕೇಳಿಸುತ್ತಿತ್ತು. ಇಸ್ರೇಲಿನ ಮೆಗಿದ್ದೋದಲ್ಲಿ 2005ರಲ್ಲಿ ಸಿಕ್ಕ ನೆಲದ ಮೊಸಾಯಿಕ್ ಸುಮಾರು 230ರದು. ಅಕೆಪ್ಟೂಸ್ ಎಂಬ ಹೆಂಗಸು "ದೇವರಾದ ಯೇಸು ಕ್ರಿಸ್ತನಿಗೆ" ಮೇಜನ್ನು ಅರ್ಪಿಸಿದಳೆಂದು ಅದರಲ್ಲಿ ಗ್ರೀಕಿನಲ್ಲಿ ಬರೆದಿದೆ. ಇನ್ನೂ ಹಿಂದೆ ಹೋದರೆ, ಮೊದಲ ಶತಮಾನದ ನಡುವೆ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯ. ಯೇಸುವಿನ ಹೆಸರಿಗೆ ಎಲ್ಲ ಮೊಣಕಾಲೂ ಬಾಗಬೇಕು ಎನ್ನುತ್ತಾನೆ. ಅದು ಯೆಶಾಯ 45:23ರಲ್ಲಿ ಯೆಹೋವನು ತನ್ನ ಬಗ್ಗೆಯೇ ಆಡುವ ಮಾತು. ಯೆಹೂದ್ಯನಾದ ಪೌಲ ಅದನ್ನು ಯೇಸುವಿಗೆ ಸಲ್ಲಿಸುವಾಗ ಏನು ಮಾಡುತ್ತಿದ್ದೇನೆಂದು ಅರಿಯದವನಲ್ಲ.

ಮತ್ತೊಂದು ಮಾತು, ಇದನ್ನು ಹೇಳಿದ ಕೂಡಲೇ ವಾದ ನಿಲ್ಲಬೇಕು. ನೈಸಿಯಾದ ತೀರ್ಮಾನ ಚಕ್ರವರ್ತಿಯ ಹುನ್ನಾರವಾಗಿದ್ದರೆ ಅವನೇ ಅದಕ್ಕೆ ಅಂಟಿಕೊಳ್ಳಬೇಕಿತ್ತಲ್ಲವೇ? ಕಾನ್‌ಸ್ಟಂಟೈನ್ ಸಭೆಗೆ ಮುಂಚೆ ಕಳಿಸಿದ ಪತ್ರದಲ್ಲಿ ಆರಿಯಸ್ ಮತ್ತು ಅವನ ಬಿಷಪ್ಪನ ಜಗಳವನ್ನೇ ಕ್ಷುಲ್ಲಕ ಎಂದಿದ್ದ. ಅವನಿಗೆ ಬೇಕಿದ್ದದ್ದು ಸಾಮ್ರಾಜ್ಯದಲ್ಲಿ ಶಾಂತಿ. ಕೆಲವೇ ವರ್ಷಗಳಲ್ಲಿ ಆರಿಯಸ್‌ನನ್ನು ವಾಪಸು ಕರೆಸಿದ. ನೈಸಿಯಾದ ಪರ ನಿಂತ ಅಥನೇಸಿಯಸ್‌ನನ್ನು ಟ್ರಿಯರ್‌ಗೆ ಗಡಿಪಾರು ಮಾಡಿದ. 337ರಲ್ಲಿ ಸಾಯುವ ಮುಂಚೆ ದೀಕ್ಷಾಸ್ನಾನ ಮಾಡಿಸಿಕೊಂಡದ್ದು ಆರಿಯಸ್‌ನ ಗೆಳೆಯ, ನಿಕೊಮೀಡಿಯದ ಯೂಸೇಬಿಯಸ್ ಕೈಯಿಂದ. ಅವನ ಮಗ ಕಾನ್‌ಸ್ಟಂಟಿಯಸ್ ಮಗನ ಬಗ್ಗೆ ನೈಸಿಯಾ ಸಭೆ ಬಳಸಿದ ಮುಖ್ಯ ಪದವನ್ನೇ (ಅದು ಯಾವುದೆಂದು ಮುಂದೆ ಹೇಳುತ್ತೇನೆ) ಕೈಬಿಡಿಸಲು 359ರಲ್ಲಿ ರಿಮಿನಿ, ಸೆಲ್ಯೂಸಿಯಾಗಳಲ್ಲಿ ಎರಡು ಸಭೆ ಕೂಡಿಸಿದ. ಗೆದ್ದ ಕೂಡ. ಅಥನೇಸಿಯಸ್ ಒಟ್ಟು ಐದು ಸಲ ಗಡಿಪಾರಾದ. ವಿಷಯ ನೈಸಿಯಾದ ಕಡೆಗೆ ತೀರ್ಮಾನವಾದದ್ದು 381ರ ಕಾನ್‌ಸ್ಟಾಂಟಿನೋಪಲ್ ಸಭೆಯಲ್ಲಿ. ಇವತ್ತು ಚರ್ಚುಗಳಲ್ಲಿ ನೈಸಿಯಾದ ವಿಶ್ವಾಸ ಪ್ರಮಾಣ ಎಂದು ಹೇಳುವುದು ಆ ಸಭೆಯ ಹೆಸರಿನಲ್ಲಿ ಬಂದ ರೂಪ. 325ರದು "ಪವಿತ್ರಾತ್ಮನನ್ನೂ ನಂಬುತ್ತೇವೆ" ಎನ್ನುತ್ತಲೇ ಮುಗಿದು, ಒಪ್ಪದವರ ಮೇಲೆ ಬಹಿಷ್ಕಾರ ಹಾಕುತ್ತದೆ.

ಹಾಗಾದರೆ ಜಗಳ ಯಾವುದರ ಮೇಲೆ? ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸ್ ಕೂಡ ಯೇಸುವನ್ನು ಬರೀ ಮನುಷ್ಯ ಎಂದವನಲ್ಲ. ಲೋಕಕ್ಕಿಂತ ಮುಂಚೆ ಇದ್ದವನು, ಲೋಕ ಉಂಟಾದದ್ದು ಅವನ ಮೂಲಕ, ಅವನನ್ನು ದೇವರು ಎನ್ನಲೂ ಅಡ್ಡಿಯಿಲ್ಲ, ಆದರೆ ತಂದೆಯಿಂದ ಸೃಷ್ಟಿಯಾದವನು, "ಅವನು ಇಲ್ಲದಿದ್ದದ್ದೂ ಉಂಟು" ಎಂದ. ಅವನ ಬಿಷಪ್ ಅಲೆಕ್ಸಾಂಡರ್, ಮಗ ಯಾವಾಗಲೂ ಇದ್ದಾನೆ, ಮಗನಿಲ್ಲದೆ ತಂದೆ ತಂದೆಯೇ ಅಲ್ಲ ಎಂದ. ಸಭೆ ಬಳಸಿದ ಪದ "ಹೋಮೋಊಸಿಯೋಸ್", ತಂದೆಗಿರುವ ಸತ್ವವೇ ಮಗನಿಗೂ ಇದೆ ಎಂದು. ಈ ಪದ ಬೈಬಲಿನಲ್ಲಿ ಎಲ್ಲೂ ಇಲ್ಲ, ಅದಕ್ಕೇ ನೈಸಿಯಾದ ಪರವಿದ್ದ ಎಷ್ಟೋ ಜನಕ್ಕೂ ಅದು ಹಿಡಿಸಲಿಲ್ಲ. ಆರಿಯಸ್ ಕಡೆಯವರಿಗೆ ಬೈಬಲಿನ ಯಾವ ಮಾತು ಕೊಟ್ಟರೂ ತಮ್ಮ ಅರ್ಥದಲ್ಲಿ ಒಪ್ಪಲು ಬರುತ್ತಿತ್ತು. ಈ ಪದವನ್ನು ಮಾತ್ರ ಒಪ್ಪಲು ಬರುತ್ತಿರಲಿಲ್ಲ. ಅದನ್ನು ಆರಿಸಿದ್ದಕ್ಕೆ ಕಾರಣ ಇದೇ.

ಎರಡೂ ಕಡೆಯವರು ಓದಿದ್ದು ಒಂದೇ ಗ್ರಂಥ. ಒಂದೇ ಗ್ರಂಥದಿಂದ ಎರಡು ಉತ್ತರ ಹೇಗೆ ಬರುತ್ತದೆ? ಇದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕಾದದ್ದು ಇದನ್ನೇ. ಜ್ಞಾನೋಕ್ತಿ 8:22 ನೋಡಿ. ಅಲ್ಲಿ ಜ್ಞಾನವೇ ಮಾತಾಡುತ್ತದೆ. ಆ ಜ್ಞಾನವೇ ಕ್ರಿಸ್ತ ಎಂಬುದರಲ್ಲಿ ಇಬ್ಬರಿಗೂ ತಕರಾರಿಲ್ಲ. ಅವರ ಕೈಯಲ್ಲಿದ್ದ ಗ್ರೀಕ್ ಪಠ್ಯದಲ್ಲಿ "ಕರ್ತನು ನನ್ನನ್ನು ಸೃಷ್ಟಿಸಿದನು" ಎಂದಿತ್ತು. ಆರಿಯಸ್‌ಗೆ ಇನ್ನೇನು ಬೇಕು? ಅಥನೇಸಿಯಸ್ ಅದನ್ನು ಮಗನು ತಾಳಿದ ಮನುಷ್ಯದೇಹಕ್ಕೆ ಸಲ್ಲುವ ಮಾತೆಂದು ವಿವರಿಸಲು ಪುಟಗಟ್ಟಲೆ ಬರೆಯಬೇಕಾಯಿತು. ಹೀಬ್ರೂ ಮೂಲದಲ್ಲಿರುವ ಕ್ರಿಯಾಪದ "ಕಾನಾ". ಆದಿಕಾಂಡ 4:1ರಲ್ಲಿ ಕಾಯಿನನನ್ನು ಹೆತ್ತ ಹವ್ವ ಆಡುವುದೂ ಇದೇ ಪದ. ಕನ್ನಡದವರಿಗೆ ಇದು ಅರ್ಥವಾಗಲು ಕಷ್ಟವೇ ಇಲ್ಲ. ನಮ್ಮ "ಪಡೆ" ಎಂಬ ಪದ ಹಾಗೆಯೇ: ಹೊಲವನ್ನೂ ಪಡೆಯುತ್ತೇವೆ, ಮಗನನ್ನೂ ಪಡೆಯುತ್ತೇವೆ. ಪಡೆದ ಎಂದರೆ ಸೃಷ್ಟಿಸಿದ ಎಂದೇ ಆಗಬೇಕಿಲ್ಲ, ಹೆತ್ತ ಎಂದೂ ಆಗುತ್ತದೆ.

ಮನೆ ಬಾಗಿಲಿಗೆ ಬರುವ ಯೆಹೋವನ ಸಾಕ್ಷಿಗಳು ತೋರಿಸುವ ಯೋಹಾನ 1:1 ಕೂಡ ಇದೇ ಜಾತಿಯದು. "ಆ ವಾಕ್ಯವು ದೇವರಾಗಿತ್ತು" (ವಾಕ್ಯ ಎಂದರೆ ಇಲ್ಲಿ ಕ್ರಿಸ್ತ) ಎಂಬಲ್ಲಿ ದೇವರು ಎಂಬರ್ಥದ ಗ್ರೀಕಿನ "ಥೆಯೊಸ್" ಪದಕ್ಕೆ ಮುಂಚೆ "ಹೊ" ಎಂಬ ನಿರ್ದೇಶಕ, ಅಂದರೆ ಇಂಗ್ಲಿಷಿನ "the" ಥರದ ಪದ, ಇಲ್ಲ, ಆದ್ದರಿಂದ "ಒಬ್ಬ ದೇವ" ಎನ್ನಬೇಕು ಎಂಬುದು ಅವರ ವಾದ. ನಿರ್ದೇಶಕ ಇಲ್ಲ ಎಂಬುದು ಸರಿ. ಆದರೆ ಅದೇ ಅಧ್ಯಾಯದ 6, 12, 13, 18ನೇ ವಚನಗಳಲ್ಲೂ ಇಲ್ಲ. ಅಲ್ಲೆಲ್ಲ "ಒಬ್ಬ ದೇವ" ಎಂದು ಯಾರೂ ಓದುವುದಿಲ್ಲ. 1:1ರಲ್ಲಿ "ಹೊ" ಸೇರಿಸಿದ್ದರೆ "ವಾಕ್ಯವೇ ಆ ತಂದೆ" ಎಂಬ ಅರ್ಥ ಬಂದು, ವಾಕ್ಯವು ದೇವರ ಬಳಿಯಲ್ಲಿತ್ತು ಎಂಬ ಹಿಂದಿನ ಮಾತೇ ಕೆಡುತ್ತಿತ್ತು. ಯೋಹಾನ 20:28ರಲ್ಲಿ ತೋಮನು ಯೇಸುವಿಗೆ "ನನ್ನ ದೇವರು" ಎನ್ನುವಾಗ ಆ "ಹೊ" ಇದ್ದೇ ಇದೆ.

ಹಾಗೆಂದು ಅವರ ಕೈ ಬರಿದಲ್ಲ. "ತಂದೆಯು ನನಗಿಂತ ದೊಡ್ಡವನು" ಎಂಬ ಯೋಹಾನ 14:28, "ಒಬ್ಬನೇ ಸತ್ಯದೇವರು" ಎಂದು ಯೇಸುವೇ ತಂದೆಯನ್ನು ಕರೆಯುವ 17:3, ಕಡೆಯ ದಿನ ಮಗನಿಗೂ ತಿಳಿಯದು ಎನ್ನುವ ಮಾರ್ಕ 13:32, ಇವೆಲ್ಲ ಗಟ್ಟಿ ವಚನಗಳು. ನೈಸಿಯಾದ ಪಕ್ಷದವರು ಇವನ್ನು ಮನುಷ್ಯನಾಗಿ ಬಂದವನ ಮಾತೆಂದು ಓದುತ್ತಾರೆ. ಹಾಗೆ ಓದಲು ಪಠ್ಯದೊಳಗೆ ಏನು ಆಧಾರ ಎಂದು ಎದುರಿನವರು ಕೇಳುವುದು ನ್ಯಾಯವಾದ ಪ್ರಶ್ನೆ. ಯೇಸು ದೇವರಲ್ಲ ಎಂದು ವಾದಿಸಬೇಕಾದವರು ಈ ವಚನಗಳನ್ನು ಹಿಡಿದು ಬನ್ನಿ, ಕಾನ್‌ಸ್ಟಂಟೈನ್‌ನ ಮತಪೆಟ್ಟಿಗೆಯನ್ನು ಬಿಟ್ಟುಬಿಡಿ.